ಊರಿಗೆಲ್ಲ ಅಕ್ಕ

"ಕೆಳಗೆ! ಇನ್ನೂ ಕೆಳಗೆ!"

ಬೆನ್ನ ಹಿಂದಿನಿಂದ ಬಂದ ಆ ಗದರಿಕೆಗೆ ಅವಳು ಬೆಚ್ಚಿಬಿದ್ದಳು.

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಗೋಡೆಗೆ ಪುಟ್ಟ ಏಣಿಯಂಥ ಮರದ ಪಟ್ಟಿ ಹೊಡೆದಿದ್ದರು. ಅದರ ಮೆಟ್ಟಿಲುಗಳ ಮೇಲೆ ಎಡಗೈ ಬೆರಳುಗಳನ್ನು ನಡೆಸುತ್ತ ಮೇಲಕ್ಕೆ ಹೋಗಬೇಕು. ಎದೆಯ ಆಪರೇಷನ್ ಆದಮೇಲೆ ಭುಜದಿಂದ ಮೇಲೇಳುವುದಿಲ್ಲವೆಂದು ಹಟ ಹಿಡಿದು ಕೂತಿದ್ದ ಕೈ ಅದು. ಒಂದು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಕಂಕುಳಲ್ಲಿ ಜೀವ ಹೋದಂಥ ನೋವು.

ಕೆಳಗೆ ಅಂದರೆ ಕೆಳಗೆ! ಬದುಕಿದೆಯಾ ಬಡಜೀವವೇ ಎಂದು ಅವಳು ಕೈ ಇಳಿಸಿಯೇಬಿಟ್ಟಳು.

"ಯಾರು ಇಳಿಸೋಕೆ ಹೇಳಿದ್ದು?" ಆ ಮೂಲೆಯಿಂದ ಫಿಸಿಯೋ ಮೇಡಂ ಕಣ್ಣು ಬಿಟ್ಟರು.

"ಅವರೇ... ಕೆಳಗೆ ಅಂದ್ರಲ್ಲ ಮೇಡಂ!"

ಅವಳು ತಿರುಗಿ ನೋಡಿದಳು. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಒಬ್ಬ ಗಂಡಸು. ಬಿಳಿ ಮೀಸೆ, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈಯಿಂದ ತಮ್ಮ ಹಣೆಗೆ ತಾವೇ ಪಟ್ಟೆಂದು ಹೊಡೆದುಕೊಂಡು, ಆಮೇಲೆ ಅದೇ ಕೈಯಿಂದ ಸೂರಿನ ಕಡೆ ಬೆರಳು ತೋರಿಸುತ್ತಿದ್ದರು. ಮೇಲೆ, ಮೇಲೆ!

"ಅವರು ಡ್ರಿಲ್ ಮೇಷ್ಟ್ರು" ಎಂದರು ಫಿಸಿಯೋ ಮೇಡಂ. "ಸ್ಟ್ರೋಕ್ ಆಗಿದೆ. ಮಾತು ಆಚೀಚೆ ಆಗುತ್ತೆ. ಮೇಲೆ ಅನ್ನೋಕೆ ಹೋಗಿ ಕೆಳಗೆ ಅಂತಾರೆ. ನೀವು ಕೈ ಎತ್ತಿ ಅಕ್ಕ, ನೆಪ ಹುಡುಕಬೇಡಿ."

ಮೇಷ್ಟ್ರ ಮುಖ ಕೆಂಪಾಗಿತ್ತು. ಅವಳಿಗೋ, ಅಷ್ಟು ದಿನದ ನೋವಿನ ನಡುವೆ ಎಲ್ಲಿತ್ತೋ ಏನೋ, ಕಿಸಕ್ಕನೆ ನಗು ಬಂದುಬಿಟ್ಟಿತು! ಮೊದಲು ಹುಬ್ಬು ಗಂಟಿಕ್ಕಿದ ಮೇಷ್ಟ್ರು, ಅವಳ ನಗು ನಿಲ್ಲದ್ದನ್ನು ಕಂಡು ತಾವೂ ಮೀಸೆಯಡಿ ನಕ್ಕರು.

ಆಪರೇಷನ್ ಆದಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಅವಳಿಗೆ ಯಾರಿದ್ದರು?

ಹಾಗೆ ನೋಡಿದರೆ ಇಲ್ಲದೇನೂ ಇರಲಿಲ್ಲ. ಅವಳು ಊರಿಗೆಲ್ಲ ಅಕ್ಕ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬ್ಯಾಗ್ ರಿಪೇರಿ ಅಂಗಡಿ. ಹಲ್ಲು ಬಿಟ್ಟ ಜಿಪ್ಪು, ಕಿತ್ತುಹೋದ ಹಿಡಿ, ಚಕ್ರ ಕಳಚಿದ ಸೂಟ್‌ಕೇಸು, ಏನೇ ತಂದರೂ "ಇಟ್ಟುಹೋಗಿ, ಸಂಜೆ ಬನ್ನಿ" ಎನ್ನುವ ಬ್ಯಾಗ್ ಅಕ್ಕ. ಅಂಗಡಿ ಅಪ್ಪನದು. ಅಪ್ಪ ಹೋದಾಗ ಅವಳಿನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಹಿಂದೆ ಇಬ್ಬರು ತಮ್ಮಂದಿರು, ಒಬ್ಬಳು ತಂಗಿ, ಹಾಸಿಗೆ ಹಿಡಿದ ಅಮ್ಮ. ಸ್ಕೂಲು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಏಳಲೇ ಇಲ್ಲ.

ಒಂದು ಸಲ ಗಂಡು ನೋಡಲು ಬಂದಿದ್ದ. ಒಳ್ಳೆಯವನೇ. "ಇವಳು ಹೋದ್ರೆ ನಮ್ಮ ಗತಿ ಏನು?" ಎಂದು ಅಮ್ಮ ಕಣ್ಣೀರು ಹಾಕಿದಳು. ಮಾತು ಅಲ್ಲಿಗೇ ಮುಗಿಯಿತು. ತಂಗಿಗೆ ಮದುವೆಯಾಯಿತು, ತಮ್ಮಂದಿರಿಗೂ ಆಯಿತು. ಎಲ್ಲರ ಮದುವೆಯಲ್ಲೂ ಓಡಾಡಿದ್ದು ಅವಳೇ. ಅಮ್ಮ ತೀರಿಕೊಂಡಳು, ತಮ್ಮಂದಿರು ಬೇರೆ ಮನೆ ಮಾಡಿದರು, ಕೂದಲು ನೆರೆಯಿತು. ಕೊನೆಗೆ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು.

ಗಂಟು ಹೋಯಿತು, ಅದರ ಜೊತೆ ಎಡ ಎದೆಯೂ ಹೋಯಿತು. ಈಗ ಉಳಿದದ್ದು ಈ ಏಳದ ಕೈ.

* * *

ಅಲ್ಲಿಂದ ಮುಂದೆ ಮೇಷ್ಟ್ರು ಅವಳ ಪಾಲಿನ ಸೇನಾಧಿಪತಿಯಾದರು!

ಅವಳ ಕೈ ಅರ್ಧಕ್ಕೆ ನಿಂತರೆ ಸಾಕು, ಆ ಕಡೆಯಿಂದ ಗಂಟಲು ಕೆರೆಯುವ ಸದ್ದು. ಮಾತು ಆಡಿದರೆ ತಪ್ಪಾಗುತ್ತದೆಂದು ಬರೀ ಬೆರಳು. ಅವರು ಕಂಬಿ ಹಿಡಿದು ನಡೆಯುವಾಗ ಅವಳ ಸರದಿ.

"ಬಲಗಾಲು ಎಳೀಬೇಡಿ ಮೇಷ್ಟ್ರೇ! ಎತ್ತಿ ಇಡಿ! ಮಕ್ಕಳನ್ನ ಬಿಸಿಲಲ್ಲಿ ಓಡಿಸ್ತಿದ್ರಲ್ಲ, ಈಗ ಅನುಭವಿಸಿ!"

"ನೀವು... ತುಂಬಾ... ಒಳ್ಳೆಯವರು" ಎಂದು ಮೇಷ್ಟ್ರು ಹಲ್ಲು ಕಡಿದರು. ಅವರು ಹೇಳಹೊರಟಿದ್ದು ಏನೆಂದು ಕೋಣೆಯವರಿಗೆಲ್ಲ ಗೊತ್ತಾಗಿ ಹೋ ಎಂದು ನಕ್ಕರು.

ಬ್ಯಾಗ್ ಎನ್ನುವ ಪದ ಅವರ ಬಾಯಿಗೆ ಬರುತ್ತಿರಲಿಲ್ಲ. ಪ್ರತಿ ಸಲವೂ ಪೆಟ್ಟಿಗೆ ಎಂದೇ ಬರುತ್ತಿತ್ತು. ಹೀಗೆ ಎಲ್ಲರ ಬ್ಯಾಗ್ ಅಕ್ಕ ಅವರೊಬ್ಬರಿಗೆ "ಪೆಟ್ಟಿಗೆ ಮೇಡಂ" ಆದಳು.

"ಪೆಟ್ಟಿಗೆ ಮೇಡಂ... ನಿನ್ನೆ ಬರ್ತೀರಾ?" ಹೊರಡುವಾಗ ಅವರು ಕೇಳುವರು.

"ನಿನ್ನೆ ಬಂದಾಯ್ತು. ನಾಳೆ ಬರ್ತೀನಿ" ಎನ್ನುವಳು ಅವಳು. ಅವರು ತಲೆ ಕೆರೆದುಕೊಂಡು ನಗುವರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಅದನ್ನೇ ನೆನೆಯುವಳು. ಪೆಟ್ಟಿಗೆ ಮೇಡಂ... ಅಕ್ಕ ಅಲ್ಲ! ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಅಕ್ಕ ಅನ್ನುವ ಜಗತ್ತಿನಲ್ಲಿ ಒಬ್ಬರಾದರೂ ತನ್ನನ್ನು ಬೇರೆ ಏನೋ ಅಂದರಲ್ಲ. ಬಾಯಿ ತಪ್ಪಿಯೇ ಅಂದಿರಲಿ!

ಛೀ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನು ತಾನೇ ಗದರಿಕೊಂಡಳು. ಮರುದಿನ ಆಸ್ಪತ್ರೆಗೆ ಹೊರಡುವಾಗ ಮಾತ್ರ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು.

ಮೇಷ್ಟ್ರ ಕಥೆಯೂ ಚೂರುಚೂರಾಗಿ ಹೊರಬಂತು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಹೆಂಡತಿ ತೀರಿಕೊಂಡಿದ್ದು. ಆಮೇಲೆ ಒಬ್ಬರೇ ಮಗುವಿಗೆ ಜಡೆ ಹಾಕುವುದನ್ನು ಕಲಿತಿದ್ದು. ಈ ಕಥೆಯನ್ನು ಹೇಳಿದ್ದು, ಮದುವೆಯಾಗಿ ಅದೇ ಊರಲ್ಲಿದ್ದು ದಿನವೂ ಅವರನ್ನು ಆಸ್ಪತ್ರೆಯಿಂದ ಕರೆದೊಯ್ಯಲು ಬರುತ್ತಿದ್ದ ಮಗಳೇ.

"ಅಪ್ಪ ಜಡೆ ಹಾಕಿದ್ರೆ ಆಂಟಿ, ಹುಬ್ಬು ಮೇಲೆ ಹೋಗಿಬಿಡ್ತಿತ್ತು! ಅಷ್ಟು ಬಿಗಿ! ಇಡೀ ದಿನ ಆಶ್ಚರ್ಯ ಆದವಳ ಥರ ಕಾಣ್ತಿದ್ದೆ."

ಮೇಷ್ಟ್ರು ಮಗಳತ್ತ ಕಣ್ಣು ಕೆಕ್ಕರಿಸಿದರು. ಕೇಳುತ್ತಿದ್ದ ಅವಳಿಗೆ ಆ ಬಿಗಿ ಜಡೆಯ ಪುಟ್ಟ ಹುಡುಗಿಯೂ ಬಾಚಣಿಗೆ ಹಿಡಿದು ಒದ್ದಾಡುವ ಡ್ರಿಲ್ ಮೇಷ್ಟ್ರೂ ಕಣ್ಣಿಗೆ ಕಟ್ಟಿದಂತಾಯಿತು.

ಒಂದು ದಿನ ಮಗಳು ಬರುವುದು ತಡವಾಗಿ, ಹೊರಗಿನ ಬೆಂಚಿನ ಮೇಲೆ ಇಬ್ಬರೇ ಕೂತಿದ್ದಾಗ ಅವಳೇ ಬಾಯಿ ಬಿಟ್ಟಳು.

"ನನಗೆ ಬರೀ ಕೈ ನೋವು ಅಂತ ತಿಳಿದಿದೀರೇನೋ. ಒಂದು ಎದೆ ತೆಗೆದುಬಿಟ್ಟಿದಾರೆ ಮೇಷ್ಟ್ರೇ. ನನ್ನ ಮೈ ಪೂರ್ತಿ ಇಲ್ಲ."

ಯಾಕೆ ಹೇಳಿದೆನೋ ಎಂದು ಆ ಕ್ಷಣವೇ ನಾಲಿಗೆ ಕಚ್ಚಿಕೊಂಡಳು. ತಂಗಿಯ ಮುಂದೆ ಕೂಡ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಮಾತಿಗಾಗಿ ಬಹಳ ಹೊತ್ತು ತಡಕಾಡಿದರು.

"ನನ್ನ ಮಾತು... ಪೂರ್ತಿ ಇಲ್ಲ" ಎಂದರು. ಈ ಸಲ ಒಂದಕ್ಷರವೂ ತಪ್ಪಿರಲಿಲ್ಲ!

ಅವಳು ಅತ್ತಳು. ಅವರು ಕರವಸ್ತ್ರ ಕೊಡಲು ಎಡಗೈಯಿಂದ ಬಲಜೇಬಿಗೆ ಕೈ ಹಾಕಿ ಪರದಾಡಿದರು. ಕೊನೆಗೆ ಅವಳೇ ಅದನ್ನು ಎಳೆದುಕೊಂಡು ಕಣ್ಣೊರೆಸಿಕೊಂಡಳು.

* * *

ಕೈ ತಲೆಯ ಮೇಲಕ್ಕೆ ಏಳತೊಡಗಿತು. ಮೇಷ್ಟ್ರ ಮಾತೂ ಸುಧಾರಿಸಿತು. ಮೇಲೆ ಎಂದರೆ ಮೇಲೆ, ನಾಳೆ ಎಂದರೆ ನಾಳೆಯೇ ಬರುವ ದಿನಗಳು ಹೆಚ್ಚಾದವು.

ಅತ್ತ ದೊಡ್ಡ ತಮ್ಮನದು ಒಂದೇ ರಾಗ. "ಅಕ್ಕ, ಇನ್ನು ಆ ಅಂಗಡಿ ಯಾಕೆ? ಮುಚ್ಚಿ ನಮ್ಮನೆಗೆ ಬಂದುಬಿಡು. ಮಕ್ಕಳಿಗೂ ಅತ್ತೆ ಇದ್ದ ಹಾಗಾಗುತ್ತೆ. ಇವಳಿಗೂ ಕೆಲಸಕ್ಕೆ ಹೋಗೋಕೆ ಅನುಕೂಲ."

ಪಾಪ, ಅವನು ಕೆಟ್ಟವನಲ್ಲ. ಅವಳು ಬೇರೇನಾದರೂ ಬಯಸಬಹುದೆಂಬುದು ಅವನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ, ಅಷ್ಟೇ.

"ನೋಡೋಣ ಕಣೋ" ಎಂದು ಅವಳು ದಿನ ತಳ್ಳುತ್ತಿದ್ದಳು. ಯಾವುದಕ್ಕಾಗಿ ಕಾಯುತ್ತಿದ್ದಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ನಾಚಿಕೆ!

ಆ ದಿನ ಬಂದೇ ಬಂತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಮೀಸೆ ಕತ್ತರಿಸಿಕೊಂಡಿದ್ದರು. ಕೋಲಿಲ್ಲದೆ ಕಾರಿಡಾರಿನ ಉದ್ದಕ್ಕೂ ನಡೆದು ಬಂದು ಬೆಂಚಿನ ಮೇಲೆ ಅವಳ ಪಕ್ಕ ಕೂತರು.

"ಒಂದು ಮಾತು... ಕೇಳ್ಬೇಕು."

ಅವಳು ಅವರ ಕಡೆ ತಿರುಗಿ ಕೂತಳು. "ಕೇಳಿ ಮೇಷ್ಟ್ರೇ."

"ಮನೇಲಿ... ಒಬ್ಬನೇ. ನೀವೂ... ಒಬ್ಬರೇ."

"ಹ್ಞೂಂ..."

"ನನಗೆ... ನೀವು ನನಗೆ..." ಅವರ ಹಣೆಯಲ್ಲಿ ಬೆವರು ಮೂಡಿತು. "ನನಗೆ... ಅಕ್ಕ... ಆಗ್ತೀರಾ?"

ಅವಳಿಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು.

"ಏನಂದ್ರಿ?"

"ಅಕ್ಕ!" ಎಂದರು ಮೇಷ್ಟ್ರು, ಮುಖವರಳಿಸಿ, ಸ್ಪಷ್ಟವಾಗಿ. ಅವರ ಕಣ್ಣು ತುಂಬಿತ್ತು. "ನನ್ನ ಅಕ್ಕ... ಆಗಿ. ಮನೆಗೆ ಬನ್ನಿ."

ಮೇಲೆ ಅನ್ನುವ ಬದಲು ಕೆಳಗೆ ಅನ್ನುವವರು, ನಾಳೆಯನ್ನು ನಿನ್ನೆ ಮಾಡುವವರು ಅವರು. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಆ ಗಳಿಗೆಯಲ್ಲಿ ಅದೊಂದೂ ನೆನಪಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದ ಮಾತಲ್ಲವೇ ಅದು! ತಪ್ಪಿ ಬಂದಿರಬಹುದೆಂದು ಅನುಮಾನ ಪಡುವುದಾದರೂ ಹೇಗೆ?

ಅವಳು ನಗಲು ಪ್ರಯತ್ನಿಸಿದಳು. "ಅದಕ್ಕೇನಂತೆ. ಆಗ್ತೀನಿ ಬಿಡಿ."

"ನಿಜ?"

"ನಿಜ ಮೇಷ್ಟ್ರೇ."

ಮೇಷ್ಟ್ರ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ನೋಡುತ್ತ ಕೂರುವುದು ಅವಳಿಂದಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟಳು.

ದಾರಿಯುದ್ದಕ್ಕೂ ದುಃಖಕ್ಕಿಂತ ಸಿಟ್ಟೇ ಜಾಸ್ತಿ. ಅವರಿಗಿಂತ ಎಷ್ಟೋ ಚಿಕ್ಕವಳು ನಾನು! ತಂಗಿ ಅಂತಾದರೂ ಅನ್ನಬಾರದಿತ್ತೇ? ಅಕ್ಕ ಅಂತೆ, ಅಕ್ಕ! ಮನೆ ತಲುಪಿ ಬಾಗಿಲು ಹಾಕಿಕೊಂಡ ಮೇಲೆ ಸಿಟ್ಟು ಇಳಿದು, ಬರೀ ಅಳು ಉಳಿಯಿತು.

'ನಿನಗ್ಯಾಕೆ ಬೇಕಿತ್ತು ಈ ಆಸೆ? ಒಂದು ಎದೆ ಇಲ್ಲದವಳು, ಮತ್ತೆ ಯಾವಾಗ ರೋಗ ಮರುಕಳಿಸುತ್ತೋ ಗೊತ್ತಿಲ್ಲದವಳು... ನಿನ್ನನ್ನ ಯಾರು ಬೇರೆ ಏನಂತ ಕರೀತಾರೆ?'

ಮರುದಿನ ತಮ್ಮನಿಗೆ ಫೋನ್ ಮಾಡಿದಳು. "ಬರ್ತೀನಿ ಕಣೋ ನಿಮ್ಮನೆಗೆ. ಅಂಗಡಿ ಖಾಲಿ ಮಾಡ್ತೀನಿ."

"ಭಲೇ ಅಕ್ಕ! ನಂಗೊತ್ತಿತ್ತು!" ಎಂದ ತಮ್ಮ.

ಆಸ್ಪತ್ರೆಗೆ ಹೋಗುವುದನ್ನು ಅವಳು ನಿಲ್ಲಿಸಿದಳು. ಕೈ ಮತ್ತೆ ಬಿಗಿದರೆ ಬಿಗಿಯಲಿ.

* * *

ಅಂಗಡಿಯಲ್ಲಿ ಉಳಿದ ಬ್ಯಾಗುಗಳನ್ನು ಅವರವರಿಗೆ ಕೊಟ್ಟು, ದಾರದ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರ್ ನಿಂತ ಸದ್ದು. ಮೇಷ್ಟ್ರ ಮಗಳು! ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಒಳಗೆ ಬಂದಳು. ಮುಖ ಗಂಟಾಗಿತ್ತು.

"ಇಷ್ಟ ಇಲ್ಲದಿದ್ರೆ ಇಲ್ಲ ಅನ್ನಬಹುದಿತ್ತಲ್ಲ ಆಂಟಿ! ಒಪ್ಪಿಕೊಂಡು ಹೀಗೆ ಮಾಯ ಆಗೋದಾ?"

"ನಾನೇನು ಮಾಡಿದೆ?"

"ಅಪ್ಪ ಅವತ್ತು ಮನೆಗೆ ಬಂದು ಮಗು ಥರ ಕುಣಿದಾಡಿದ್ರು. 'ಆಯ್ತು, ಒಪ್ಪಿದ್ರು' ಅಂತ. ಗೋಡೆಗೆ ಸುಣ್ಣ ಹೊಡೆಸೋಕೆ ಜನ ಹುಡುಕಿದ್ರು! ನೀವು ನೋಡಿದ್ರೆ ಪತ್ತೆ ಇಲ್ಲ. ಈಗ ಅಪ್ಪ ಫಿಸಿಯೋ ಕೋಣೆಗೆ ಹೋಗ್ತಾರೆ, ಬಾಗಿಲು ನೋಡ್ತಾ ಕೂತಿರ್ತಾರೆ. ಕಂಬಿ ಮುಟ್ಟಲ್ಲ. ಮಾತಂತೂ ನಿಂತೇ ಹೋಯ್ತು."

"ಅಕ್ಕ ಆಗೋಕೆ ಇಷ್ಟೆಲ್ಲ ಸಂಭ್ರಮ ಯಾಕಮ್ಮ?" ಅವಳು ಇನ್ನೊಂದು ದಾರದ ಉಂಡೆ ಕೈಗೆತ್ತಿಕೊಂಡಳು. "ಊರಿಗೆಲ್ಲ ಆಗಿದೀನಿ. ಇವರಿಗೂ ಆಗ್ತೀನಿ ಅಂದೆ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲಿಲ್ಲ. ದಿನಾ ಬಂದು ಅದನ್ನೇ ಕೇಳಿಸ್ಕೊಳ್ಳೋ ಶಕ್ತಿ ನನಗಿಲ್ಲ."

ಮಗಳು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು. "ಅಕ್ಕನಾ? ಅಪ್ಪ ಏನು ಕೇಳಿದ್ರು ನಿಮ್ಮನ್ನ? ಸರಿಯಾಗಿ ಹೇಳಿ."

"ನನಗೆ ಅಕ್ಕ ಆಗ್ತೀರಾ, ಅಂತ."

ಮಗಳು ಧೊಪ್ಪೆಂದು ಸ್ಟೂಲಿನ ಮೇಲೆ ಕುಸಿದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗತೊಡಗಿದಳು. ಅಳುವೋ ನಗುವೋ ತಿಳಿಯದಂಥ ನಗು.

"ಅಯ್ಯೋ ಅಪ್ಪಾ... ಆಂಟಿ, ಅಪ್ಪನ ಮನೇಲಿ ಮಾತು ಅಭ್ಯಾಸ ಮಾಡಿಸೋಕೆ ಫೋಟೋ ತೋರಿಸ್ತೀನಿ ನಾನು. ನನ್ನ ಗಂಡನ್ನ ತೋರಿಸಿದ್ರೆ 'ಮಾವ' ಅಂತಾರೆ. ಮಾತು ಒಳಗೆ ಸರಿಯಾಗೇ ಇರುತ್ತೆ, ಬಾಯಿಗೆ ಬರೋ ದಾರೀಲಿ ಪಕ್ಕದ ಮನೆಗೆ ನುಗ್ಗಿಬಿಡುತ್ತೆ. ಎದುರಿನವರು ಹೇಳೋ ತನಕ ತಾವು ಅಂದಿದ್ದು ತಪ್ಪು ಅಂತ ಎಷ್ಟೋ ಸಲ ಅವರಿಗೆ ಗೊತ್ತೇ ಆಗಲ್ಲ."

"ಅದಕ್ಕೆ?"

"ನಮ್ಮಮ್ಮನ ಫೋಟೋ ತೋರಿಸಿ ಇವರು ನಿಮಗೆ ಏನಾಗ್ಬೇಕು ಅಂತ ಕೇಳಿದ್ರೆ..." ಮಗಳು ಅವಳ ಕೈ ಹಿಡಿದಳು. "ಪ್ರತಿ ಸಲ, ಪ್ರತಿ ಸಲಾನೂ, 'ಅಕ್ಕ' ಅಂತಾರೆ!"

ಅವಳ ಕೈಯಲ್ಲಿದ್ದ ದಾರದ ಉಂಡೆ ಜಾರಿ ಬಿಚ್ಚಿಕೊಳ್ಳುತ್ತ ರಸ್ತೆಗೇ ಉರುಳಿತು. ಅದನ್ನು ಹಿಡಿಯಲು ಇಬ್ಬರಲ್ಲಿ ಯಾರೂ ಏಳಲಿಲ್ಲ.

ಅವಳು ಕೇಳಿದ್ದು ಒಂದೇ ಮಾತು. "ಸ್ಕೂಟರಲ್ಲಿ ಇಬ್ಬರು ಹಿಡೀತಾರಾ?"

* * *

ಫಿಸಿಯೋ ಕೋಣೆಯಲ್ಲಿ ಮೇಷ್ಟ್ರು ಅದೇ ಕುರ್ಚಿಯಲ್ಲಿ ಕೂತಿದ್ದರು. ಮೀಸೆ ಬೆಳೆದು ಗುಂಗುರಾಗಿತ್ತು. ಅವಳು ಒಳಗೆ ಬಂದದ್ದನ್ನು ಕಂಡು ಏಳಲು ಹೋಗಿ, ಆಮೇಲೆ ಏನೋ ನೆನಪಾಗಿ ಮುಖ ತಿರುಗಿಸಿದರು. ಡ್ರಿಲ್ ಮೇಷ್ಟ್ರಿಗೆ ಕೋಪ!

ಅವಳು ಒಂದು ಸ್ಟೂಲೆಳೆದು ಅವರೆದುರೇ ಕೂತಳು. ಅಂಗಡಿಯ ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಸಿಟ್ಟು ಆಮೇಲೆ ಮಾಡಿ ಮೇಷ್ಟ್ರೇ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆ ಗೋಡೆ ಮೇಲೆ ಫೋಟೋ ಇದೆಯಲ್ಲ, ನಿಮ್ಮ ಮಗಳ ಅಮ್ಮ. ಅವರು ನಿಮಗೆ ಏನಾಗ್ಬೇಕು?"

ಮೇಷ್ಟ್ರು ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಅಕ್ಕ" ಎಂದರು.

ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು. "ಮತ್ತೆ... ನಾನು? ನಾನು ನಿಮಗೆ ಏನಾಗ್ಬೇಕು?"

ಮೇಷ್ಟ್ರ ಕೋಪವೆಲ್ಲ ಎಲ್ಲಿ ಹೋಯಿತೋ! ಅವಳನ್ನೇ ನೋಡಿದರು. ಆ ನೋಟದಲ್ಲಿ ಯಾವ ತಡವರಿಕೆಯೂ ಇರಲಿಲ್ಲ.

"ಅಕ್ಕ" ಎಂದರು ಮೆಲ್ಲಗೆ.

ಜೀವಮಾನವಿಡೀ ಕೇಳಿದ ಆ ಪದ ಅವಳಿಗೆ ಅಷ್ಟು ಚೆಂದವಾಗಿ ಎಂದೂ ಕೇಳಿಸಿರಲಿಲ್ಲ. ಅವಳು ನಕ್ಕಳು, ನಗುತ್ತಲೇ ಅತ್ತಳು. ಪಕ್ಕದ ಹಾಸಿಗೆಯ ರೋಗಿಯ ಕಾಲು ಮಡಚುತ್ತಿದ್ದ ಫಿಸಿಯೋ ಮೇಡಂ ಮಡಚಿದ ಕಾಲನ್ನು ಹಾಗೇ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದರು. ಆ ರೋಗಿಯೂ ಚಕಾರವೆತ್ತಲಿಲ್ಲ.

"ತಪ್ಪಾ?" ಮೇಷ್ಟ್ರು ಗಾಬರಿಯಾದರು. "ತಪ್ಪು... ಅಂದ್ನಾ?"

"ಆ ಮಾತಿನ ಅರ್ಥ ಹೆಂಡತಿ ಅಂತಲಾ ಮೇಷ್ಟ್ರೇ?"

ಮೇಷ್ಟ್ರು ಜೋರಾಗಿ ತಲೆಯಾಡಿಸಿದರು. ಮರುಕ್ಷಣ ತಾವು ಅಂದಿದ್ದೇನೆಂದು ಹೊಳೆದಿರಬೇಕು, ಕಣ್ಣು ದೊಡ್ಡದಾಯಿತು. ಮಗಳತ್ತ ನೋಡಿದರು. ಮಗಳು "ಹೌದಪ್ಪ, ಅಕ್ಕ ಅಂತಲೇ ಅಂದಿದ್ದು ನೀವು!" ಎಂದು ತಲೆ ಚಚ್ಚಿಕೊಂಡಳು. ಮೇಷ್ಟ್ರು ಎಡಗೈಯಿಂದ ಮುಖ ಮುಚ್ಚಿಕೊಂಡರು. ಆ ಕೈಯನ್ನು ಅವಳೇ ಸರಿಸಿದಳು.

"ಯೋಚನೆ ಮಾಡಿ ಹೇಳಿ. ನನ್ನ ರೋಗ ಪೂರ್ತಿ ಹೋಯ್ತು ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ನಾಳೆ ಮತ್ತೆ ಬರಬಹುದು."

"ಬರ್ಲಿ" ಎಂದರು ಮೇಷ್ಟ್ರು. ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡರು. "ನಾನೂ... ಬರ್ತೀನಿ. ಜೊತೆಗೆ."

ಏಪ್ರನ್ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತಮ್ಮ.

"ಅಕ್ಕ, ಸಾಮಾನು ಸಾಗಿಸೋಕೆ ಗಾಡಿ ಕಳಿಸಲಾ?"

"ಬೇಡ ಕಣೋ. ನಾನು ಅಂಗಡಿ ಮುಚ್ಚಲ್ಲ" ಎಂದಳು. ಮೇಷ್ಟ್ರ ಮುಖವನ್ನೇ ನೋಡುತ್ತ ಉಳಿದದ್ದನ್ನೂ ಹೇಳಿಬಿಟ್ಟಳು. "ಮದುವೆ ಆಗ್ತಿದೀನಿ. ಭಾನುವಾರ ಎಲ್ಲರೂ ಮನೆಗೆ ಬನ್ನಿ, ಹೇಳ್ತೀನಿ."

"...ಯಾರ ಮದುವೆ?" ಎಂದ ತಮ್ಮ.

"ನಂದು ಕಣೋ, ನಂದು!"

ಫೋನ್ ಇಟ್ಟು ಎದ್ದು ನಿಂತಳು. ಮಗಳು ಕಣ್ಣೊರೆಸಿಕೊಳ್ಳುತ್ತ ಆಟೋ ಕರೆಯಲು ಹೊರಗೋಡಿದ್ದಳು. ಮೇಷ್ಟ್ರು ಇನ್ನೂ ಕೂತೇ ಇದ್ದರು, ನಂಬಿಕೆ ಬಾರದವರಂತೆ. ಅವಳು ಕೈ ಚಾಚಿದಳು.

"ರೀ... ಏಳಿ. ಹೋಗೋಣ."

ಮೇಷ್ಟ್ರು ಎದ್ದವರು ಅಲ್ಲೇ ನಿಂತರು. "ಏನು... ಅಂದ್ರಿ?"

ಅವಳ ಕೆನ್ನೆ ಕೆಂಪೇರಿತು. "ಕಿವೀನೂ ಕೈಕೊಡ್ತಾ? ರೀ ಅಂದೆ."

"ಇನ್ನೊಂದು ಸಲ" ಎಂದರು ಮೇಷ್ಟ್ರು.

"ರೀ..."

"ಹ್ಞಾಂ" ಎಂದರು ಅವರು. "ಬಂದೆ."